ಅಪೆಂಡಿಕ್ಸ್ ತೆಗೆಸಿದ ಮೇಲೂ ಅದೇ ಜಾಗದಲ್ಲಿ ಅದೇ ನೋವು ಏಕೆ?

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಬನಶಂಕರಿಯಲ್ಲಿ ವಾಸ, ಶಾಲಾ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ, ಆಗ ನಾವಿದ್ದ ಊರಿನಲ್ಲಿ, ಅಪೆಂಡಿಕ್ಸ್ ಒಡೆದಿದೆ ಎಂದು ರಾತ್ರೋರಾತ್ರಿ ಲ್ಯಾಪರೋಸ್ಕೋಪಿ ಮೂಲಕ (ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ) ಆಪರೇಷನ್ ಮಾಡಿದರು. ಆಮೇಲೆ ಚೆನ್ನಾಗಿಯೇ ಇದ್ದೆ. ಕಳೆದ ಮೂರು ತಿಂಗಳಲ್ಲಿ ಎರಡು ಸಲ ಹೊಕ್ಕುಳ ಸುತ್ತ ನೋವು ಶುರುವಾಗಿ ಬಲಗಡೆಯ ಕೆಳಹೊಟ್ಟೆಗೆ ಇಳಿಯಿತು. ಥೇಟ್ ಅಂದಿನ ನೋವು. ಎರಡನೆಯ ಸಲ ಜ್ವರ, ವಾಂತಿಯೂ ಇತ್ತು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು, ಐದು ದಿನಕ್ಕೆ ಆ್ಯಂಟಿಬಯೋಟಿಕ್ ಬರೆದರು, ಕಡಿಮೆಯಾಯಿತು. ವಾರದ ನಂತರ ಮಾಡಿಸಿದ ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲ. “ಅಪೆಂಡಿಕ್ಸ್ ತೆಗೆದಾಗಿದೆಯಲ್ಲ, ಮತ್ತೆಲ್ಲಿಂದ ಬರುತ್ತದೆ?” ಎಂದರು ಡಾಕ್ಟರು. “ಕಿತ್ತ ಹಲ್ಲು ಮತ್ತೆ ನೋಯುತ್ತದೆಯೇನಮ್ಮ?” ಎನ್ನುತ್ತಾರೆ ನಮ್ಮ ಅತ್ತೆ. ಇದು ನನ್ನ ಭ್ರಮೆಯೇ? ಅಪೆಂಡಿಕ್ಸ್ ಮತ್ತೆ ಬೆಳೆಯುತ್ತದೆಯೇ? ಮೊದಲು ಆಪರೇಷನ್ ಮಾಡಿದವರ ತಪ್ಪೇ? ಇನ್ನೊಂದು ಆಪರೇಷನ್ ಬೇಕಾಗುತ್ತದೆಯೇ? ಮುಂದಿನ ತಿಂಗಳು ಸಾಗರದಲ್ಲಿ ತಮ್ಮನ ಮದುವೆ ಇದೆ, ಹೋಗಬಹುದೇ?

ಉತ್ತರ: ನಿಮ್ಮ ಅತ್ತೆಯವರ ಮಾತನ್ನೇ ಹಿಡಿದು ಹೊರಡುತ್ತೇನೆ. ಕಿತ್ತ ಹಲ್ಲು ನೋಯುವುದಿಲ್ಲ, ನಿಜ. ಆದರೆ ಕೀಳುವಾಗ ಹಲ್ಲು ಮುರಿದು, ಬೇರಿನ ಚೂರೊಂದು ಒಸಡಿನೊಳಗೆ ಉಳಿದುಬಿಟ್ಟಿದ್ದರೆ? ಅದು ನೋಯುತ್ತದೆ, ಊದಿಕೊಳ್ಳುತ್ತದೆ, ಕೀವು ಕಟ್ಟುತ್ತದೆ. ಅಪೆಂಡಿಕ್ಸ್ ಮತ್ತೆ ಬೆಳೆಯುವುದಿಲ್ಲ. ಆದರೆ ತೆಗೆಯುವಾಗ ಅದರ ಬುಡದ ಕಡೆಯ ಒಂದು ತುಂಡು ಉಳಿದಿದ್ದರೆ, ಆ ಮೋಟಿಗೆ ಮೊದಲಿನದೇ ಕಾಯಿಲೆ ಬರಬಲ್ಲದು. ವೈದ್ಯರು ಇದನ್ನು ಸ್ಟಂಪ್ ಅಪೆಂಡಿಸೈಟಿಸ್ ಎನ್ನುತ್ತಾರೆ. ಬಹಳ ಅಪರೂಪದ ಕಾಯಿಲೆ. ಆದರೆ ಇರುವ ಕಾಯಿಲೆ. ನಿಮಗೆ ಅದೇ ಆಗಿದೆ ಎಂದು ಪತ್ರ ಓದಿ ಹೇಳಲಾರೆ. ಆದರೆ ನಿಮ್ಮ ನೋವು ಭ್ರಮೆಯಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಜ್ವರ ಮತ್ತು ವಾಂತಿಯೊಂದಿಗೆ ಬಂದು, ಆ್ಯಂಟಿಬಯೋಟಿಕ್‌ಗೆ ತಗ್ಗಿದ ನೋವಿಗೆ ಹೊಟ್ಟೆಯೊಳಗೆ ಒಂದು ಕಾರಣ ಇದ್ದೇ ಇರಬೇಕು. ಅದನ್ನು ಹುಡುಕದೆ ಬಿಡಬಾರದು.

ಮೊದಲು ಆ ಜಾಗದ ಪರಿಚಯ ಆಗಲಿ. ಸಣ್ಣಕರುಳು ಬಂದು ದೊಡ್ಡಕರುಳನ್ನು ಸೇರುವುದು ಹೊಟ್ಟೆಯ ಬಲಭಾಗದ ಕೆಳಗೆ. ಅಲ್ಲಿ ದೊಡ್ಡಕರುಳು ಒಂದು ಚೀಲದ ಹಾಗೆ ಇಳಿಬಿದ್ದಿರುತ್ತದೆ. ಅದಕ್ಕೆ ಸೀಕಮ್ ಎಂದು ಹೆಸರು. ಆ ಚೀಲದ ಬುಡದಿಂದ ಹೊರಟ, ಒಂದು ತುದಿ ಮುಚ್ಚಿದ ಸಣ್ಣ ಕೊಳವೆಯೇ ಅಪೆಂಡಿಕ್ಸ್. ಸಾಮಾನ್ಯವಾಗಿ 8ರಿಂದ 10 ಸೆಂಟಿಮೀಟರ್ ಉದ್ದ. ಕೆಲವರಲ್ಲಿ ಎರಡು ಸೆಂಟಿಮೀಟರಿನಷ್ಟು ಚಿಕ್ಕದು, ಕೆಲವರಲ್ಲಿ ಇಪ್ಪತ್ತರವರೆಗೂ ಇರುತ್ತದೆ. ಬುಡ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ. ತುದಿ ಮಾತ್ರ ಅಲೆಮಾರಿ. ಬಹಳ ಮಂದಿಯಲ್ಲಿ ಅದು ಸೀಕಮ್‌ನ ಬೆನ್ನಿಗೆ ಅವಿತಿರುತ್ತದೆ, ಕೆಲವರಲ್ಲಿ ಕಿಬ್ಬೊಟ್ಟೆಯೊಳಕ್ಕೆ ಇಳಿದಿರುತ್ತದೆ.

ಈ ಕೊಳವೆಯ ಬಾಯಿ ಮುಚ್ಚಿಕೊಂಡಾಗ ತೊಂದರೆ ಆರಂಭ. ಗಟ್ಟಿಯಾದ ಮಲದ ಹರಳು ಸಿಕ್ಕಿಕೊಳ್ಳಬಹುದು, ಒಳಗೋಡೆಯ ಗ್ರಂಥಿ ಊದಿಕೊಳ್ಳಬಹುದು. ಒಳಗಿನ ಲೋಳೆ ಹೊರಬರಲು ದಾರಿಯಿಲ್ಲದೆ ಒತ್ತಡ ಏರುತ್ತದೆ, ರಕ್ತದ ಓಡಾಟ ಕುಗ್ಗುತ್ತದೆ, ಬ್ಯಾಕ್ಟೀರಿಯಾ ಗೋಡೆಯೊಳಗೆ ನುಗ್ಗುತ್ತವೆ. ಇದಕ್ಕೆ ಹತ್ತು ಸೆಂಟಿಮೀಟರ್ ಉದ್ದದ ಕೊಳವೆಯೇ ಬೇಕೆಂದಿಲ್ಲ. ಒಳಗೆ ಟೊಳ್ಳು ಇರುವ ಎರಡು ಸೆಂಟಿಮೀಟರಿನ ಮೋಟು ಸಾಕು. ಹೀಗಾಗಿಯೇ ಆಪರೇಷನ್ ಮಾಡುವಾಗ ಉಳಿಸುವ ಬುಡ 5 ಮಿಲಿಮೀಟರಿಗಿಂತ ಗಿಡ್ಡವಿರಬೇಕು ಎಂದು ಶಸ್ತ್ರಚಿಕಿತ್ಸಕರು ಒಪ್ಪಿಕೊಂಡಿದ್ದೇವೆ. ಬದನೆಕಾಯಿ ಹೆಚ್ಚುವಾಗ ತೊಟ್ಟನ್ನು ಎಷ್ಟು ಹತ್ತಿರಕ್ಕೆ ತೆಗೆಯುತ್ತೀರೋ ಹಾಗೆ.

ಈ ಕಾಯಿಲೆಯನ್ನು ಮೊದಲು ವಿವರಿಸಿದವರು ರೋಸ್ ಎಂಬ ವೈದ್ಯರು, 1945ರಲ್ಲಿ. ಐವತ್ತು ಸಾವಿರ ಅಪೆಂಡಿಕ್ಸ್ ಆಪರೇಷನ್‌ಗಳಿಗೆ ಒಂದು ಎಂಬ ಲೆಕ್ಕವನ್ನು ವೈದ್ಯಕೀಯ ಬರಹಗಳಲ್ಲಿ ಬಹುಕಾಲದಿಂದ ಉಲ್ಲೇಖಿಸುತ್ತಾ ಬಂದಿದ್ದಾರೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚಿರಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹುಡುಕದ ಕಾಯಿಲೆ ಲೆಕ್ಕಕ್ಕೆ ಸಿಗುವುದಿಲ್ಲ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಕಾಣಿಸಿಕೊಂಡ ಉದಾಹರಣೆಗಳಿವೆ, ದಶಕಗಳ ನಂತರ ಬಂದವೂ ಇವೆ. ನಿಮ್ಮ ನಾಲ್ಕು ವರ್ಷದ ಅಂತರದಲ್ಲಿ ಅಸಹಜವಾದದ್ದೇನೂ ಇಲ್ಲ.

ಈಗ ನಿಮ್ಮ ನೋವಿನ ದಾರಿಯನ್ನು ನೋಡೋಣ. ನನಗೆ ಅತಿ ಮುಖ್ಯವೆನಿಸಿದ್ದು ಅದೇ. ಹೊಕ್ಕುಳ ಸುತ್ತ ಆರಂಭವಾಗಿ, ಆಮೇಲೆ ಬಲಗಡೆಗೆ ಇಳಿಯಿತು ಎಂದಿದ್ದೀರಿ. ಅಪೆಂಡಿಕ್ಸ್‌ನ ನರಗಳು ಬೆನ್ನುಹುರಿಯನ್ನು ಸೇರುವುದು ಹೊಕ್ಕುಳ ಸುತ್ತಲಿನ ಚರ್ಮದ ನರಗಳು ಸೇರುವ ಮಟ್ಟದಲ್ಲಿಯೇ. ಆದ್ದರಿಂದ ಕೊಳವೆ ಬಿಗಿದುಕೊಂಡಾಗ ಮಿದುಳಿಗೆ ನೋವು ಹೊಕ್ಕುಳಿನಿಂದ ಬಂದಂತೆ ತೋರುತ್ತದೆ. ಆಗ ಅದು ಮಂದವಾದ, ಬೆರಳಿಟ್ಟು ತೋರಿಸಲಾಗದ ನೋವು. ಆಮೇಲೆ ಉರಿಯೂತ ಕೊಳವೆಯ ಹೊರಗೋಡೆಯನ್ನು ದಾಟಿ, ಹೊಟ್ಟೆಯ ಒಳಪೊರೆಯನ್ನು ಮುಟ್ಟುತ್ತದೆ. ಆ ಪೊರೆಗೆ ಎಲ್ಲಿ ನೋಯುತ್ತಿದೆ ಎಂಬುದು ಖಚಿತವಾಗಿ ಗೊತ್ತು. ಆಗ ನೋವು ಬಲಗಡೆ ಒಂದೇ ಕಡೆ ನಿಲ್ಲುತ್ತದೆ. ಕೆಮ್ಮಿದರೆ, ನಡೆದರೆ ಚುಚ್ಚುತ್ತದೆ. ಉಳಿದ ಬುಡಕ್ಕೂ ಇದೇ ನರ, ಇದೇ ಪೊರೆ. ಹಾಗಾಗಿ “ಥೇಟ್ ಅಂದಿನ ನೋವು” ಎಂದು ರೋಗಿ ಹೇಳಿದರೆ ನಾನು ಆ ಮಾತನ್ನು ಪರೀಕ್ಷೆಯ ಫಲಿತಾಂಶದಷ್ಟೇ ಗೌರವದಿಂದ ಬರೆದುಕೊಳ್ಳುತ್ತೇನೆ. ಒಮ್ಮೆ ಈ ನೋವನ್ನು ಉಂಡವರು ಅದನ್ನು ಮರೆಯುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ಒಬ್ಬ ಆಟೋ ಚಾಲಕ. ಬಹಳ ವರ್ಷಗಳ ಹಿಂದಿನ ಮಾತು, ಇದೇ ನಗರದಲ್ಲಿ. ಮಳೆಯ ರಾತ್ರಿ, ಅವರ ಗೆಳೆಯ ಅವರದೇ ಆಟೋ ಓಡಿಸಿಕೊಂಡು ಕರೆತಂದಿದ್ದ. ಮಂಚದ ಮೇಲೆ ಬಲಗಾಲನ್ನು ಮಡಚಿಕೊಂಡು, ಅಲುಗಾಡದೆ ಮಲಗಿದ್ದರು. ಬಲಗಡೆ ಓರೆಯಾದ ಹಳೆಯ ಗಾಯದ ಗುರುತು, ಎಂಟು ವರ್ಷದ್ದು. ಮೈ ಸುಡುತ್ತಿತ್ತು. “ಮೈಸೂರು ರಸ್ತೆಯ ಒಂದೊಂದು ಗುಂಡಿಯೂ ಹೊಟ್ಟೆಯೊಳಗೇ ಬಿದ್ದ ಹಾಗಾಯಿತು ಸಾರ್, ಹಿಂದೆಯೂ ಹೀಗೇ ಆಗಿತ್ತು” ಎಂದರು. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರು ಕೇಸ್ ಶೀಟ್‌ನಲ್ಲಿ ‘ಅಪೆಂಡಿಕ್ಸ್ ಆಪರೇಷನ್ ಆಗಿದೆ’ ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದರು. ನಾನೂ ಆ ಗೆರೆಯನ್ನು ನಂಬಿದೆ. ಕರುಳಿನ ಸೋಂಕು ಇರಬೇಕು ಎಂದು ಒಂದೂವರೆ ದಿನ ಡ್ರಿಪ್ ಹಾಕಿ ಕಾದೆವು. ಕೊನೆಗೆ ಹೊಟ್ಟೆ ಹಲಗೆಯಂತೆ ಬಿಗಿಯಾದಾಗ ತೆರೆದು ನೋಡಿದರೆ, ಸೀಕಮ್‌ನ ಬುಡದಲ್ಲಿ ಮೂರು ಸೆಂಟಿಮೀಟರ್ ಉದ್ದದ ಮೋಟು, ಅದರ ಬಾಯಲ್ಲಿ ಕಡಲೆಕಾಳಿನಷ್ಟು ಹರಳು. ತುದಿ ಕಪ್ಪಾಗಿ ಒಡೆದಿತ್ತು. ಅವರು ಬದುಕಿದರು. ಆದರೆ ನಾಲ್ಕು ದಿನದಲ್ಲಿ ಮನೆಗೆ ಹೋಗಬೇಕಾದವರು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಕಳೆದರು, ತಿಂಗಳುಗಟ್ಟಲೆ ಆಟೋ ಓಡಿಸಲಾಗಲಿಲ್ಲ. ರೋಗ ಏನೆಂದು ಅವರು ಬಂದ ಕೂಡಲೇ ತಮ್ಮ ಬಾಯಿಂದಲೇ ಹೇಳಿದ್ದರು. ಕೇಳಿಸಿಕೊಳ್ಳದ ಹೊಣೆ ನನ್ನದು.

ಅವರ ಗುಂಡಿಯ ಮಾತಿಗೂ ಪುರಾವೆ ಇದೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಪೆಂಡಿಸೈಟಿಸ್ (ಅಪೆಂಡಿಕ್ಸ್‌ನ ಉರಿಯೂತ) ಎಂದು ಖಚಿತವಾದ 34 ಮಂದಿಯ ಪೈಕಿ 33 ಮಂದಿ, ಆಸ್ಪತ್ರೆಗೆ ಬರುವಾಗ ರಸ್ತೆಯ ಉಬ್ಬುಗಳ ಮೇಲೆ ವಾಹನ ಹಾದಾಗ ನೋವು ಹೆಚ್ಚಾಯಿತು ಎಂದಿದ್ದರು. ಬೇರೆ ಕಾರಣಕ್ಕೆ ಹೊಟ್ಟೆನೋವು ಬಂದ ಹಲವರೂ ಹಾಗೆಯೇ ಹೇಳಿದ್ದರಿಂದ ಅದೊಂದೇ ಸಾಕ್ಷಿ ಸಾಲದು. ಆದರೆ ಉಬ್ಬು ಗುಂಡಿಗಳಲ್ಲಿ ಏನೂ ಅನ್ನಿಸದಿದ್ದರೆ ಅಪೆಂಡಿಸೈಟಿಸ್ ಇರುವ ಸಾಧ್ಯತೆ ಬಹಳ ಕಡಿಮೆ. ಬೆಂಗಳೂರಿನಲ್ಲಿ ಈ ಪರೀಕ್ಷೆ ಎಲ್ಲರಿಗೂ ದಾರಿಯಲ್ಲಿಯೇ ಆಗಿಬಿಡುತ್ತದೆ. ನಿಮ್ಮ ಎರಡನೆಯ ನೋವಿನ ದಿನ ಕ್ಲಿನಿಕ್‌ಗೆ ಹೋಗುವಾಗ ಹೇಗಿತ್ತು ಎಂದು ನೆನಪಿಸಿಕೊಂಡು ನಿಮ್ಮ ಶಸ್ತ್ರಚಿಕಿತ್ಸಕರಿಗೆ ಹೇಳಿ.

ಮೊದಲು ಆಪರೇಷನ್ ಮಾಡಿದವರ ತಪ್ಪೇ ಎಂದು ಕೇಳಿದ್ದೀರಿ. ಈಗಲೇ ಹಾಗೆಂದು ತೀರ್ಮಾನಿಸಬೇಡಿ. ಒಡೆದ ಅಪೆಂಡಿಕ್ಸ್‌ನ ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟಾಗ ಪುಸ್ತಕದ ಚಿತ್ರದಂತೆ ಏನೂ ಕಾಣುವುದಿಲ್ಲ. ಕೊಬ್ಬಿನ ಪೊರೆ ಬಂದು ಸುತ್ತಿಕೊಂಡಿರುತ್ತದೆ, ಕರುಳುಗಳು ಒಂದಕ್ಕೊಂದು ಅಂಟಿರುತ್ತವೆ, ಎಲ್ಲೆಡೆ ಕೀವಿನ ಲೇಪ. ಮುಟ್ಟಿದರೆ ರಕ್ತ ಒಸರುತ್ತದೆ. ಅಂಥ ಕಡೆ ಬುಡ ಎಲ್ಲಿ ಎಂದು ಹುಡುಕಲು ನಮಗಿರುವ ನಂಬಿಗಸ್ತ ದಾರಿ ಒಂದೇ. ದೊಡ್ಡಕರುಳಿನ ಉದ್ದಕ್ಕೂ ಬಿಳಿಯ ರಿಬ್ಬನ್ನಿನಂಥ ಮೂರು ಸ್ನಾಯುಪಟ್ಟಿಗಳು ಓಡುತ್ತವೆ. ಮೂರೂ ಬಂದು ಕೂಡುವ ಜಾಗವೇ ಅಪೆಂಡಿಕ್ಸ್‌ನ ಬುಡ. ಮುಂಭಾಗದ ಪಟ್ಟಿಯನ್ನು ಹಿಡಿದು ಕೆಳಗಿಳಿದರೆ ಬುಡ ಸಿಗಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಇದನ್ನು ಗಡಿಯಾರದ ಮುಖದಂತೆ ಹೇಳಿಕೊಡುತ್ತಾರೆ: ಕತ್ತರಿಸುವ ಮೊದಲು ಪರದೆಯ ಮೇಲೆ ಅಪೆಂಡಿಕ್ಸ್ ಹತ್ತು ಗಂಟೆಯ ಕಡೆ, ಆ ಪಟ್ಟಿ ಮೂರು ಗಂಟೆಯ ಕಡೆ, ಸಣ್ಣಕರುಳಿನ ಕೊನೆ ಆರು ಗಂಟೆಯ ಕಡೆ ಕಾಣಬೇಕು. ಮೂರೂ ಕಂಡ ಮೇಲೆಯೇ ಕತ್ತರಿ. ನನ್ನ ಬಳಿ ಕಲಿಯುವವರಿಗೆ ಇದರಲ್ಲಿ ಒಂದು ಕಾಣದಿದ್ದರೂ ಕೈ ತಡೆಯಿರಿ ಎಂದು ಹೇಳುತ್ತಲೇ ಇರುತ್ತೇನೆ.

ಆದರೂ ಎರಡು ಕಡೆ ಎಡವುವುದುಂಟು. ಸೀಕಮ್‌ನ ಹಿಂದೆ ಅವಿತ ಅಪೆಂಡಿಕ್ಸ್‌ನ ಮಧ್ಯಭಾಗವನ್ನೇ ಬುಡವೆಂದು ತಿಳಿದು ಕಟ್ಟುವುದು ಒಂದು. ಬುಡದಲ್ಲಿ ಗೋಡೆ ಹಪ್ಪಳದಂತೆ ಮುರಿಯುವ ಸ್ಥಿತಿಯಲ್ಲಿದ್ದಾಗ, ಕರುಳಿಗೆ ತೂತು ಬೀಳದಿರಲಿ ಎಂದು ತಿಳಿದೇ ಸ್ವಲ್ಪ ದೂರದಲ್ಲಿ ಕಟ್ಟುವುದು ಇನ್ನೊಂದು. ಎರಡನೆಯದು ಆ ರಾತ್ರಿ ರೋಗಿಯನ್ನು ಉಳಿಸಲು ತೆಗೆದುಕೊಂಡ ನಿರ್ಧಾರ. ಅದನ್ನು ಟಿಪ್ಪಣಿಯಲ್ಲಿ ಬರೆಯಬೇಕು, ರೋಗಿಗೂ ಹೇಳಬೇಕು; ಹೇಳದಿರುವುದು ಮಾತ್ರ ಖಂಡಿತ ಕೊರತೆ. ಲ್ಯಾಪರೋಸ್ಕೋಪಿ ಮಾಡಿಸಿದ್ದರಿಂದಲೇ ಹೀಗಾಯಿತೇ ಎಂದು ಕೆಲವರು ಕೇಳುತ್ತಾರೆ. ಹೊಟ್ಟೆ ತೆರೆದು ಮಾಡಿದ ಆಪರೇಷನ್‌ನ ನಂತರವೂ ಇದು ಬಂದಿದೆ. ರೋಸ್ ಇದನ್ನು ವಿವರಿಸಿದ ಕಾಲಕ್ಕೆ ಲ್ಯಾಪರೋಸ್ಕೋಪಿಯಿಂದ ಅಪೆಂಡಿಕ್ಸ್ ತೆಗೆಯುವ ಕ್ರಮವೇ ಇರಲಿಲ್ಲ. ಅದನ್ನು ಜರ್ಮನಿಯ ಕುರ್ಟ್ ಸೆಮ್ ಮೊದಲು ಮಾಡಿದ್ದು 1980ರಲ್ಲಿ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ಬಲಗಡೆ ಹೊಲಿಗೆಯ ಗುರುತು ಇದ್ದರೆ ಅಪೆಂಡಿಕ್ಸ್ ಹೋಗಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಯಾವಾಗಲೂ ಹಾಗಿರುವುದಿಲ್ಲ. ಅಪೆಂಡಿಕ್ಸ್ ಒಡೆದು ಕೀವಿನ ಗಡ್ಡೆ ಕಟ್ಟಿದ್ದಾಗ, ಕೆಲವೊಮ್ಮೆ ಕೀವನ್ನು ಮಾತ್ರ ಹೊರತೆಗೆದು, ನಳಿಕೆ ಇಟ್ಟು, “ಆರೆಂಟು ವಾರ ಬಿಟ್ಟು ಬನ್ನಿ” ಎಂದು ಕಳುಹಿಸುತ್ತಾರೆ. ನೋವು ಹೋದ ಮೇಲೆ ಬಹಳ ಮಂದಿ ಹೋಗುವುದಿಲ್ಲ. ಮನೆಯಲ್ಲಿ ‘ಅಪೆಂಡಿಕ್ಸ್ ಆಪರೇಷನ್ ಆಗಿದೆ’ ಎಂಬ ಮಾತು ಉಳಿಯುತ್ತದೆ, ಒಳಗೆ ಅಪೆಂಡಿಕ್ಸೂ ಉಳಿದಿರುತ್ತದೆ. ಇನ್ನು ಕೆಲವರಿಗೆ ಆ್ಯಂಟಿಬಯೋಟಿಕ್‌ನಿಂದಲೇ ಗುಣವಾಗಿರುತ್ತದೆ. ಫಿನ್ಲೆಂಡಿನಲ್ಲಿ ಹಾಗೆ ಔಷಧಿಯಿಂದಷ್ಟೇ ಚಿಕಿತ್ಸೆ ಪಡೆದವರನ್ನು ಐದು ವರ್ಷ ಗಮನಿಸಿದಾಗ, ನೂರರಲ್ಲಿ ಸುಮಾರು 39 ಮಂದಿಗೆ ಕಾಯಿಲೆ ಮರುಕಳಿಸಿತ್ತು. ಇವರೆಲ್ಲರ ಕಥೆಯೂ ಹೊರನೋಟಕ್ಕೆ ನಿಮ್ಮದರಂತೆಯೇ ಕೇಳುತ್ತದೆ, ಚಿಕಿತ್ಸೆ ಮಾತ್ರ ಬೇರೆ.

ಅದಕ್ಕಾಗಿ ನಿಮಗೆ ನಾನು ಹೇಳುವ ಮೊದಲ ಕೆಲಸ ಸ್ಕ್ಯಾನ್ ಅಲ್ಲ, ಹಳೆಯ ಕಾಗದಗಳನ್ನು ಹುಡುಕುವುದು. ಡಿಸ್ಚಾರ್ಜ್ ಚೀಟಿ ಸಾಲದು. ಅದರಲ್ಲಿ ಬಹುತೇಕ ಒಂದೇ ಸಾಲು ಇರುತ್ತದೆ. ಬೇಕಾದದ್ದು ಎರಡು: ಆಪರೇಷನ್ ಟಿಪ್ಪಣಿ ಮತ್ತು ತೆಗೆದ ತುಂಡನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದ ಬಯಾಪ್ಸಿ ವರದಿ. ಟಿಪ್ಪಣಿಯಲ್ಲಿ ಬುಡ ಕಂಡಿತೇ, ಹೇಗೆ ಕಟ್ಟಿದರು, ನಳಿಕೆ ಇಟ್ಟರೇ ಎಂಬುದು ಇರುತ್ತದೆ. ಬಯಾಪ್ಸಿ ವರದಿಯ ಆರಂಭದಲ್ಲಿ, ಕಳುಹಿಸಿದ ತುಂಡಿನ ಉದ್ದವನ್ನು ಬರೆದಿರುತ್ತಾರೆ. ಯಾರೂ ಓದದ ಆ ಸಾಲು ನಿಮಗೆ ಈಗ ಬೇಕು. 3 ಸೆಂಟಿಮೀಟರ್ ಎಂದಿದ್ದರೆ ನನ್ನ ಅನುಮಾನ ಬಲವಾಗುತ್ತದೆ. ಆದರೆ ಹುಟ್ಟಿನಿಂದಲೇ ಚಿಕ್ಕದಾಗಿರಬಹುದು, ಕೆಡದಿರಲೆಂದು ಫಾರ್ಮಲಿನ್ ದ್ರವದಲ್ಲಿ ಇಟ್ಟಾಗ ಕುಗ್ಗುವುದೂ ಉಂಟು, ಹಾಗಾಗಿ ಅದೊಂದೇ ತೀರ್ಪಲ್ಲ. ಅಪೆಂಡಿಕ್ಸ್‌ನಲ್ಲಿ ಅಪರೂಪಕ್ಕೆ ಗಡ್ಡೆಗಳೂ ಇರುವುದರಿಂದ ಈ ವರದಿಯನ್ನು ಎಲ್ಲರೂ ಕೇಳಿ ಪಡೆಯುವುದು ಒಳ್ಳೆಯದು.

ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ನಿಮ್ಮದು ನಾಲ್ಕು ವರ್ಷ ಆಗಿದೆ, ಆದರೂ ಬಿಡಬೇಡಿ. ಅನೇಕ ಆಸ್ಪತ್ರೆಗಳು ಹೆಚ್ಚು ಕಾಲ ಇಟ್ಟುಕೊಳ್ಳುತ್ತವೆ, ಬಯಾಪ್ಸಿ ಮಾಡಿದ ಲ್ಯಾಬ್‌ನಲ್ಲಿ ಪ್ರತ್ಯೇಕ ದಾಖಲೆ ಇರುತ್ತದೆ. ದಾಖಲಾಗಿದ್ದ ದಿನಾಂಕ, ಒಳರೋಗಿ ಸಂಖ್ಯೆ ಬರೆದು, ಒಂದು ಅರ್ಜಿ ಕೊಡಿ. ಆ ಊರಿನಲ್ಲಿ ಇನ್ನೂ ಪರಿಚಯದವರಿದ್ದರೆ ಅವರ ಕೈಲಿ ಕಳುಹಿಸಿ. ದಾಖಲೆ ಸಿಗದೆ ಹೋದರೂ ಮುಂದಿನ ಪರೀಕ್ಷೆ ನಿಲ್ಲಬೇಕಾಗಿಲ್ಲ.

ಅಲ್ಟ್ರಾಸೌಂಡ್‌ನಲ್ಲಿ ಏನೂ ಇಲ್ಲ ಎಂದದ್ದರ ಬಗ್ಗೆ ಹೇಳುತ್ತೇನೆ. ಸೀಕಮ್‌ನಲ್ಲಿ ಗಾಳಿ ತುಂಬಿದ್ದರೆ ಅಲೆಗಳು ಆಚೆ ಹೋಗುವುದೇ ಇಲ್ಲ. ಎರಡು ಸೆಂಟಿಮೀಟರಿನ ಮೋಟು, ಅದೂ ಕರುಳಿನ ಹಿಂದೆ, ಅದೂ ನೋವು ತಗ್ಗಿದ ವಾರದ ನಂತರ ಕಾಣದಿದ್ದರೆ ಆಶ್ಚರ್ಯವಿಲ್ಲ. ಜೊತೆಗೆ ನಮೂನೆಯಲ್ಲಿ ‘ಅಪೆಂಡಿಕ್ಸ್ ತೆಗೆದಿದೆ’ ಎಂದು ಬರೆದಿದ್ದರೆ ರೇಡಿಯಾಲಜಿಸ್ಟ್ ಆ ಜಾಗದಲ್ಲಿ ಹೆಚ್ಚು ಹೊತ್ತು ಹುಡುಕುವುದಿಲ್ಲ. ನಿಮಗೆ ಬೇಕಾದದ್ದು ಚಿತ್ರ ಸ್ಪಷ್ಟವಾಗಿ ಮೂಡಲು ರಕ್ತನಾಳಕ್ಕೆ ಕಾಂಟ್ರಾಸ್ಟ್ ಎಂಬ ದ್ರವ ಕೊಟ್ಟು ಮಾಡುವ ಹೊಟ್ಟೆಯ ಸಿಟಿ ಸ್ಕ್ಯಾನ್. ನೋವಿರುವಾಗಲೇ ಆದರೆ ಒಳ್ಳೆಯದು: ಸೀಕಮ್‌ನಿಂದ ಹೊರಟ ದಪ್ಪಗೋಡೆಯ ಗಿಡ್ಡ ಕೊಳವೆ, ಸುತ್ತಲಿನ ಕೊಬ್ಬು ಕದಡಿದಂತಿರುವುದು, ಹರಳು, ಕೀವು, ಇವೆಲ್ಲ ಆಗ ಸ್ಪಷ್ಟ. ನೋವಿಲ್ಲದಾಗಲೂ ಉದ್ದನೆಯ ಮೋಟು ಇದ್ದರೆ ಗೋಚರಿಸಬಹುದು. ಬೇಡಿಕೆಯ ಚೀಟಿಯಲ್ಲಿ ‘ಉಳಿದ ಅಪೆಂಡಿಕ್ಸ್ ಬುಡ ಇದೆಯೇ ನೋಡಿ’ ಎಂದು ಬರೆಯಿಸಿಕೊಳ್ಳಿ. ಈ ಒಂದು ಸಾಲು ಸ್ಕ್ಯಾನ್ ಓದುವವರ ಕಣ್ಣನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ. ಸ್ಕ್ಯಾನ್‌ಗೆ ಮೊದಲು ಗರ್ಭ ಪರೀಕ್ಷೆ, ಮೂತ್ರಪಿಂಡಕ್ಕಾಗಿ ಕ್ರಿಯಾಟಿನಿನ್ ಪರೀಕ್ಷೆ ಆಗಲಿ. ಗರ್ಭಿಣಿಯಾಗಿದ್ದರೆ ಸಿಟಿ ಬದಲು ಎಂಆರ್‌ಐ ಮಾಡುವುದು ರೂಢಿ. ವಿಕಿರಣದ ಭಯ ಬೇಡವೆಂದಲ್ಲ, ಆದರೆ ಒಂದು ಸರಿಯಾದ ಸಿಟಿ, ಮೂರು ತಿಂಗಳಿಗೊಮ್ಮೆ ಕುರುಡಾಗಿ ನುಂಗುವ ಆ್ಯಂಟಿಬಯೋಟಿಕ್‌ಗಿಂತ ಎಷ್ಟೋ ಮೇಲು.

ನಾನು ಬುಡದ ಮಾತನ್ನೇ ಇಷ್ಟು ಹೇಳಿದೆನೆಂದು ಮಿಕ್ಕ ಕಾರಣಗಳನ್ನು ಮರೆಯಬಾರದು. ಲೆಕ್ಕ ಹಾಕಿದರೆ ಅವುಗಳ ಪಾಲೇ ಹೆಚ್ಚು. ನಿಮ್ಮ ವಯಸ್ಸಿನ ಮಹಿಳೆಯರಲ್ಲಿ ಬಲ ಅಂಡಾಶಯ ಮೊದಲ ಸಾಲಿನಲ್ಲಿದೆ. ನೋವಿನ ದಿನ ಋತುಚಕ್ರದ ಎಷ್ಟನೆಯ ದಿನವಾಗಿತ್ತು ಎಂದು ಬರೆದಿಡಿ. ಎರಡೂ ಸಲ ಮಧ್ಯದ ದಿನಗಳೇ ಆಗಿದ್ದರೆ ಅಂಡಾಣು ಬಿಡುಗಡೆಯ ನೋವಿರಬಹುದು, ಆದರೆ ಅದರಲ್ಲಿ ಜ್ವರ ಬರುವುದಿಲ್ಲ. ಅಂಡಾಶಯದ ಗುಳ್ಳೆ ತಿರುಚಿಕೊಳ್ಳುವುದು ಮತ್ತು ಗರ್ಭಕೋಶದ ಬದಲು ಗರ್ಭನಾಳದಲ್ಲಿ ಗರ್ಭ ನಿಲ್ಲುವುದು, ಇವೆರಡೂ ತುರ್ತು ಸಂದರ್ಭಗಳು. ಮುಟ್ಟು ತಪ್ಪಿದ್ದು ನೋವು ಬಂದರೆ ಗಂಟೆಯೂ ಕಾಯಬೇಡಿ. ಗರ್ಭನಾಳದ ಸೋಂಕು ಕೂಡ ಜ್ವರದೊಂದಿಗೆ ಬಂದು ಆ್ಯಂಟಿಬಯೋಟಿಕ್‌ಗೆ ತಗ್ಗುತ್ತದೆ. ಸ್ತ್ರೀರೋಗ ತಜ್ಞರ ಪರೀಕ್ಷೆ ಇದಕ್ಕಾಗಿಯೇ ಬೇಕು.

ಮೂತ್ರನಾಳದ ಕಲ್ಲಿನ ನೋವು ಬೆನ್ನಿನಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುತ್ತದೆ. ಕಲ್ಲಿನವರು ಹೊರಳಾಡುತ್ತಾರೆ, ಎದ್ದು ತಿರುಗಾಡುತ್ತಾರೆ; ಹೊಟ್ಟೆಯ ಒಳಪೊರೆಗೆ ಉರಿಯೂತ ತಗುಲಿದವರು ಅಲುಗಾಡದೆ ಮಲಗುತ್ತಾರೆ. ಬಾಗಿಲಲ್ಲಿ ನಿಂತು ನೋಡಿದರೇ ಅರ್ಧ ವ್ಯತ್ಯಾಸ ತಿಳಿಯುತ್ತದೆ. ನಮ್ಮ ದೇಶದಲ್ಲಿ ಅದೇ ಜಾಗದ ಕರುಳಿನ ಕ್ಷಯ ಮತ್ತು ಟೈಫಾಯ್ಡ್ ಅನ್ನು ಯಾರೂ ಮರೆಯುವಂತಿಲ್ಲ. ತೂಕ ಇಳಿಯುತ್ತಿದೆಯೇ, ಸಂಜೆ ಜ್ವರ ಬರುತ್ತದೆಯೇ, ಊಟದ ನಂತರ ಹೊಟ್ಟೆ ಗುಡುಗುಡು ಎಂದು ಉಬ್ಬುತ್ತದೆಯೇ? ಹೌದಾದರೆ ಕೊಲೊನೋಸ್ಕೋಪಿ ಮಾಡಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ದೊಡ್ಡಕರುಳಿನ ಒಳಗನ್ನು ನೋಡಿ, ಸಣ್ಣ ತುಂಡು ತೆಗೆದು ಪರೀಕ್ಷಿಸಬೇಕಾಗುತ್ತದೆ. ಕರುಳಿನಲ್ಲಿ ದೀರ್ಘಕಾಲದ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯೂ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹಳೆಯ ಆಪರೇಷನ್‌ನಿಂದ ಕರುಳುಗಳು ಅಂಟಿಕೊಂಡು ಬರುವ ನೋವಿನಲ್ಲಿ ಹೊಟ್ಟೆ ಉಬ್ಬರ, ವಾಂತಿ, ಗಾಳಿ ಹೋಗದಿರುವುದು ಮುಖ್ಯ. ಗಾಯದ ಜಾಗದ ಹರ್ನಿಯಾ ಕೆಮ್ಮಿದಾಗ ಉಬ್ಬುತ್ತದೆ. ಹೊಟ್ಟೆಯ ಗೋಡೆಯ ನರ ಸಿಕ್ಕಿಕೊಂಡೂ ನೋಯಬಹುದು. ಮಲಗಿ, ನೋಯುವ ಜಾಗದಲ್ಲಿ ಬೆರಳೊತ್ತಿ, ತಲೆಯನ್ನಷ್ಟೇ ಮೇಲೆತ್ತಿ. ನೋವು ಹೆಚ್ಚಾದರೆ ಕಾರಣ ಗೋಡೆಯಲ್ಲಿದೆ, ಕಡಿಮೆಯಾದರೆ ಒಳಗಿದೆ ಎಂಬುದು ಸ್ಥೂಲ ಸೂಚನೆ.

ಮೋಟು ಇದ್ದು, ಅದಕ್ಕೇ ಉರಿಯೂತ ಎಂದು ಖಚಿತವಾದರೆ ಅದನ್ನು ಪೂರ್ತಿ ತೆಗೆಯುವುದೇ ಚಿಕಿತ್ಸೆ. ಬೇಗ ಗೊತ್ತಾದರೆ ಲ್ಯಾಪರೋಸ್ಕೋಪಿಯಿಂದಲೇ ಆಗುತ್ತದೆ. ಅಂಟುಗಳಿರುವುದರಿಂದ ಮೊದಲ ಸಲಕ್ಕಿಂತ ಹೆಚ್ಚು ಸಮಯ ಹಿಡಿಯಬಹುದು, ಕೆಲವೊಮ್ಮೆ ಹೊಟ್ಟೆ ತೆರೆಯಬೇಕಾಗಬಹುದು. ಕೀವಿನ ಗಡ್ಡೆ ಕಟ್ಟಿದ್ದರೆ ಮೊದಲು ಸ್ಕ್ಯಾನ್ ನೋಡಿಕೊಂಡು ನಳಿಕೆಯಿಂದ ಕೀವು ತೆಗೆದು, ಆ್ಯಂಟಿಬಯೋಟಿಕ್ ಕೊಟ್ಟು, ಆಮೇಲೆ ಆಪರೇಷನ್ ಮಾಡುತ್ತಾರೆ. ತಡವಾಗಿ ಬುಡವೇ ಕೊಳೆತಿದ್ದರೆ ಸೀಕಮ್ ಮತ್ತು ಸಣ್ಣಕರುಳಿನ ಕೊನೆಯ ಭಾಗವನ್ನೂ ತೆಗೆದು ಜೋಡಿಸಬೇಕಾಗುತ್ತದೆ. ಈವರೆಗೆ ವರದಿಯಾದವರಲ್ಲಿ ದೊಡ್ಡ ಪಾಲು ಮಂದಿಗೆ ಒಡೆದ ಮೇಲೆಯೇ ಪತ್ತೆಯಾಗಿದೆ, ಕಾರಣ ಅದೇ ಹಳೆಯ ಪ್ರಶ್ನೆ, ತೆಗೆದ ಮೇಲೆ ಮತ್ತೆಲ್ಲಿಂದ ಬರುತ್ತದೆ ಎಂಬುದು. ಸ್ಕ್ಯಾನ್‌ನಲ್ಲಿ ಮೋಟು ಇಲ್ಲದೆ, ಬೇರೆ ಕಾರಣವೂ ಸಿಗದೆ ಹೋದರೆ ಸುಮ್ಮನೆ ಇನ್ನೊಂದು ಆಪರೇಷನ್‌ಗೆ ಒಪ್ಪಬೇಡಿ. ಆಗ ಮುಂದಿನ ನೋವಿನ ಸಮಯದಲ್ಲಿ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ಎರಡನ್ನೂ ಮಾಡಿಸುವುದು ಸರಿಯಾದ ಕ್ರಮ.

ಮುಂದಿನ ಸಲ ನೋವು ಬಂದರೆ ಕ್ಲಿನಿಕ್‌ಗೆ ಬೇಡ, ಶಸ್ತ್ರಚಿಕಿತ್ಸಕರೂ ಸಿಟಿ ಯಂತ್ರವೂ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ. ಖಾಸಗಿ ಆಸ್ಪತ್ರೆಯ ಖರ್ಚು ಭಾರವೆನಿಸಿದರೆ ವಿಕ್ಟೋರಿಯಾ ಅಥವಾ ಬೌರಿಂಗ್‌ನಂಥ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ದಿನದ 24 ಗಂಟೆಯೂ ತುರ್ತು ಚಿಕಿತ್ಸೆ ಇದೆ; ಹೋಗಲು ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಊಟ, ಕಾಫಿ ನಿಲ್ಲಿಸಿ. ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು, ಎನಿಮಾ, ಬಟ್ಟಿ ಸರಿದಿದೆ ಎಂದು ಹೊಟ್ಟೆ ತೀಡಿಸುವುದು, ಇವು ಮಾತ್ರ ಬೇಡವೇ ಬೇಡ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಬಿಗಿದು ನಿಂತ ಕೊಳವೆ ಒಡೆಯಲು ಅಷ್ಟು ಸಾಕು. ಉಳಿದ ಆ್ಯಂಟಿಬಯೋಟಿಕ್ ಮಾತ್ರೆ ಮನೆಯಲ್ಲಿದೆಯೆಂದು ನುಂಗಬೇಡಿ. ನೋವು ಇದ್ದಕ್ಕಿದ್ದಂತೆ ಪೂರ್ತಿ ನಿಂತು, ಕೆಲವು ಗಂಟೆಗಳಲ್ಲಿ ಹೊಟ್ಟೆಯೆಲ್ಲ ನೋಯಲು ಆರಂಭಿಸಿದರೆ, ಅದು ಗುಣವಾದದ್ದಲ್ಲ, ಒಡೆದ ಲಕ್ಷಣ.

ಡಾಕ್ಟರ ಮುಂದೆ ಏನು ಹೇಳಬೇಕೆಂದು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ನೋವಿನಲ್ಲಿ ಮಾತು ಹೊರಡುವುದಿಲ್ಲ. “ನನಗೆ ನಾಲ್ಕು ವರ್ಷದ ಹಿಂದೆ ಒಡೆದ ಅಪೆಂಡಿಕ್ಸ್‌ಗೆ ಆಪರೇಷನ್ ಆಗಿದೆ. ಇದು ಅದೇ ನೋವು, ಮೂರನೆಯ ಸಲ. ಬುಡ ಉಳಿದಿದೆಯೇ ನೋಡಬೇಕೆಂದು ಕೇಳುತ್ತಿದ್ದೇನೆ.” ಇಷ್ಟೇ ಸಾಕು. ರೋಗಿ ಹೀಗೆ ಕೇಳಿದರೆ ಸಿಟ್ಟಾಗುವ ವೈದ್ಯರು ಕಡಿಮೆ. ಬಹುಪಾಲು ಮಂದಿಗೆ ನೆನಪಿಸಿದ್ದು ಉಪಕಾರವೇ ಆಗುತ್ತದೆ.

ಇನ್ನು ತಮ್ಮನ ಮದುವೆ. ಇನ್ನೂ ತಿಂಗಳಿದೆ, ಈ ವಾರವೇ ಶಸ್ತ್ರಚಿಕಿತ್ಸಕರನ್ನು ನೋಡಿ ಸಿಟಿ ಮಾಡಿಸಿಕೊಳ್ಳಿ. ಮೋಟು ಕಂಡು, ಯೋಜಿಸಿ ಲ್ಯಾಪರೋಸ್ಕೋಪಿ ಮಾಡುವುದಾದರೆ ಎರಡು ಮೂರು ವಾರದಲ್ಲಿ ನೀವು ಪ್ರಯಾಣ ಮಾಡುವಷ್ಟು ಚೇತರಿಸಿಕೊಳ್ಳಬಹುದು. ಭಾರ ಎತ್ತುವ ಕೆಲಸ ಬೇರೆಯವರಿಗಿರಲಿ. ಸ್ಕ್ಯಾನ್‌ನಲ್ಲಿ ಏನೂ ಇಲ್ಲದೆ, ನೋವೂ ಇಲ್ಲದಿದ್ದರೆ ಧಾರಾಳವಾಗಿ ಹೋಗಿ. ಬಸ್ಸಿಗಿಂತ ತಾಳಗುಪ್ಪದ ರೈಲು ಹಿತ. ಸ್ಕ್ಯಾನ್ ವರದಿ, ಸಿಕ್ಕರೆ ಹಳೆಯ ಟಿಪ್ಪಣಿ, ಎರಡರ ಫೋಟೋ ನಿಮ್ಮ ಮೊಬೈಲಿನಲ್ಲೂ ಯಜಮಾನರ ಮೊಬೈಲಿನಲ್ಲೂ ಇರಲಿ. ಅಲ್ಲಿ ನೋವು ಕಾಣಿಸಿಕೊಂಡರೆ ಮುಹೂರ್ತ ಮುಗಿಯಲಿ ಎಂದು ತಡೆದುಕೊಳ್ಳಬೇಡಿ. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್. ಅಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ. ಮದುವೆ ಮನೆಯಲ್ಲಿ ಒಂದು ಕಾರು ಮತ್ತು ಅದನ್ನು ಓಡಿಸುವ ಒಬ್ಬರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಿರಿ.